ನಡುಗೋಡೆಯ ಖರ್ಚು ಯಾರದು?

1882ರ ಈಸ್‌ಮೆಂಟ್ (ಪಕ್ಕದವರ ಆಸ್ತಿಯ ಮೇಲಿನ ಬಳಕೆ ಹಕ್ಕಿನ) ಕಾಯ್ದೆಯ 24ನೇ ಕಲಮಿನ ಕೆಳಗೆ, ಉದಾಹರಣೆಗಳ ನಡುವೆ, ಎರಡೇ ಸಾಲಿನ ಒಂದು ಕತೆ ಇದೆ. 'ಎ' ಎಂಬವನ ಕಟ್ಟಡಕ್ಕೆ 'ಬಿ' ಎಂಬವನ ಗೋಡೆಯ ಆಸರೆ ಪಡೆಯುವ ಹಕ್ಕಿದೆ. ಗೋಡೆ ಕುಸಿಯುತ್ತದೆ. ಆಗ 'ಎ', 'ಬಿ'ಯ ಜಾಗದೊಳಗೆ ಹೋಗಿ ಆ ಗೋಡೆಯನ್ನು ರಿಪೇರಿ ಮಾಡಿಕೊಳ್ಳಬಹುದು. ಕತೆ ಮುಗಿಯಿತು. ಕಾಯ್ದೆ ಬರೆದವರಿಗೆ ಅಲ್ಲಿಗೆ ನೆಮ್ಮದಿ. ನಮ್ಮ ಬಡಾವಣೆಗಳಲ್ಲಿ ಕತೆ ಶುರುವಾಗುವುದೇ ಅಲ್ಲಿಂದ. 'ಎ' ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ಗೇಟಿನ ಮುಂದೆ ನಿಲ್ಲುತ್ತಾನೆ. 'ಬಿ' ಬಾಲ್ಕನಿಯಿಂದ ಇಳಿಯದೆಯೇ ಕೇಳುತ್ತಾನೆ: "ಯಾರನ್ನ ಕೇಳಿ ಬಂದ್ರಿ?"

ಅಕ್ಕಪಕ್ಕದ ಮನೆಯವರ ರಿಪೇರಿ ಜಗಳ ಎಂದರೆ ದುಡ್ಡಿನ ಜಗಳ ಎಂದೇ ಎಲ್ಲರೂ ತಿಳಿದಿರುತ್ತಾರೆ. ಗಾರೆ ಕೆಲಸದವರನ್ನೋ ಪ್ಲಂಬರುಗಳನ್ನೋ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯನ್ನೋ ಕೇಳಿ ನೋಡಿ, ಬೇರೆಯದೇ ಚಿತ್ರ ಸಿಗುತ್ತದೆ. "ಹಾಳಾಗಿ ಹೋಗಲಿ, ನಾನೇ ಹಾಕ್ತೀನಿ" ಎನ್ನುವವರಿಗೆ ಬರವಿಲ್ಲ. ಅವರಿಗೆ ಸಿಗದಿರುವುದು ಸಾರುವೆ ನಿಲ್ಲಿಸಲು ಪಕ್ಕದವರ ಅಂಗಳದಲ್ಲಿ ಒಂದಡಿ ಜಾಗ, ಇಲ್ಲವೇ ಮೇಲಿನ ಮನೆಯ ಬಚ್ಚಲಿನಲ್ಲಿ ಎರಡು ದಿನದ ಪ್ರವೇಶ. ಹೊಣೆ ಯಾರದು ಎಂದು ನಾಲ್ಕು ಜನ ಕೂತು ತೀರ್ಮಾನಿಸಿದ ಮೇಲೂ ಬಾಗಿಲು ತೆರೆಯುವ ಪ್ರಶ್ನೆ ಹಾಗೇ ಉಳಿದಿರುತ್ತದೆ. ಬಾಗಿಲು ಮೊದಲು ತೆರೆದರೆ ಹೊಣೆಯ ಪ್ರಶ್ನೆ ಅರ್ಧಕ್ಕರ್ಧ ಕರಗಿಹೋಗುವುದೂ ಉಂಟು. ಯಾಕೆಂದರೆ ಬಹುಪಾಲು ಜಗಳಗಳಲ್ಲಿ ನೀರು ಎಲ್ಲಿಂದ ಬರುತ್ತಿದೆ ಎಂದು ಯಾರೂ ನೋಡಿಯೇ ಇರುವುದಿಲ್ಲ.

ಬೆಂಗಳೂರಿನ ಮೂವತ್ತು-ನಲವತ್ತರ ಸೈಟುಗಳನ್ನೇ ತೆಗೆದುಕೊಳ್ಳಿ. ನಿಯಮದಂತೆ ಬಿಡಬೇಕಾದ ಜಾಗವನ್ನು ಎರಡೂ ಕಡೆಯವರು ನುಂಗಿದ ಮೇಲೆ ಮನೆಗಳ ನಡುವೆ ಉಳಿಯುವುದು ಒಂದಡಿ, ಕೆಲವೆಡೆ ಒಂದು ಗೇಣು. ಮೊದಲು ಕಟ್ಟಿದವರು ಪಕ್ಕದ ಸೈಟು ಖಾಲಿಯಿದ್ದಾಗಲೇ ಗೋಡೆಯ ಹೊರಮೈಗೆ ಗಿಲಾವು ಮಾಡಿಸಿ ಬಣ್ಣ ಹೊಡೆಸಿರುತ್ತಾರೆ. ಆಮೇಲೆ ಕಟ್ಟಿದವರ ಮೇಸ್ತ್ರಿ ಆ ಸಂದಿಯೊಳಗೆ ಇಳಿಯಲಾರ. ಹಾಗಾಗಿ ಅವರ ಮನೆಯ ಆ ಬದಿಯ ಇಟ್ಟಿಗೆ ಗೋಡೆ ಕೊನೆಯತನಕ ಬೆತ್ತಲೆ. ಸಂದಿಯೊಳಗೆ ಮಳೆನೀರು, ಎರಡೂ ಮನೆಗಳ ಎಸಿಯ ನೀರು, ತೆಂಗಿನ ಗರಿ, ಯಾವುದೋ ಕಾಲದ ಕ್ರಿಕೆಟ್ ಚೆಂಡು, ಇಲಿ. ನಾಲ್ಕೈದು ಮಳೆಗಾಲ ಕಳೆಯುವಷ್ಟರಲ್ಲಿ ಒಳಗಿನ ಬೆಡ್‌ರೂಮಿನ ಮೂಲೆಯಲ್ಲಿ ಬಣ್ಣ ಹಪ್ಪಳದ ಹಾಗೆ ಉಬ್ಬುತ್ತದೆ. ಬೀರುವಿನ ಹಿಂದೆ ಬೂಷ್ಟು, ಮಡಿಚಿಟ್ಟ ರೇಷ್ಮೆ ಸೀರೆಗೆ ಮುಗ್ಗಲು ವಾಸನೆ. ವಾಟರ್‌ಪ್ರೂಫಿಂಗ್ ಕಂಪನಿಯವರು ಬಂದು ಒಳಗಿನಿಂದಲೇ ಒಂದು ಲೇಪ ಬಳಿದು ಬಿಲ್ಲು ಕೊಟ್ಟು ಹೋಗುತ್ತಾರೆ. ಹೊರಗಿನಿಂದ ಬರುವ ನೀರಿಗೆ ಒಳಗೆ ಬಳಿದ ಲೇಪ ಎಷ್ಟು ದಿನ ತಡೆದೀತು? ನೀರು ಹಿಂದಿನಿಂದ ತಳ್ಳಿ ಲೇಪವನ್ನೇ ಎಬ್ಬಿಸಿಬಿಡುತ್ತದೆ.

ನಿಜವಾದ ಮದ್ದು ಇರುವುದು ತಾರಸಿಯಲ್ಲಿ. ಸಂದಿಯ ಬಾಯಿಗೆ, ಎರಡು ಪ್ಯಾರಾಪೆಟ್‌ಗಳ ಮೇಲೆ, ತಗಡಿನ ಒಂದು ಮುಚ್ಚಿಗೆ ಹಾಕಿದರೆ ಮುಕ್ಕಾಲು ಸಮಸ್ಯೆ ಮುಗಿಯಿತು. ಆದರೆ ತಗಡು ಯಾವುದಾದರೂ ಒಂದು ಕಡೆಗೆ ವಾಲಬೇಕು, ವಾಲಿದ ಕಡೆಯ ತಾರಸಿಗೆ ನೀರು ಬೀಳಬೇಕು, ತಗಡಿನ ಒಂದು ಅಂಚನ್ನು ಪಕ್ಕದವರ ಗೋಡೆಗೆ ಮೊಳೆ ಹೊಡೆದು ಕೂರಿಸಬೇಕು. ಖರ್ಚು ದೊಡ್ಡದಲ್ಲ. ಅಡ್ಡ ಬರುವುದು ಭಯ: "ಇವತ್ತು ಮೊಳೆ ಹೊಡೀತಾನೆ, ನಾಳೆ ಗೋಡೆಯೇ ನಂದು ಅಂತಾನೆ."

ಈ ಭಯ ಬರೀ ಹುಚ್ಚಲ್ಲ. ಯಾರ ತಕರಾರೂ ಇಲ್ಲದೆ, ಹಕ್ಕಿನಂತೆ, ಇಪ್ಪತ್ತು ವರ್ಷ ಅನುಭವಿಸಿಕೊಂಡು ಬಂದದ್ದು ಹಕ್ಕೇ ಆಗಿಬಿಡುತ್ತದೆ ಎನ್ನುತ್ತದೆ ಈಸ್‌ಮೆಂಟ್ ಕಾಯ್ದೆಯ 15ನೇ ಕಲಮು. ಬೆಳಕು, ಗಾಳಿ, ಆಸರೆ, ದಾರಿ, ನೀರಿನ ಹರಿವು ಎಲ್ಲಕ್ಕೂ ಇದೇ ಲೆಕ್ಕ. ಜಾಗ ಸರ್ಕಾರದ್ದಾದರೆ ಮಾತ್ರ ಮೂವತ್ತು ವರ್ಷ. ಜನ ಈ ಇಪ್ಪತ್ತು ವರ್ಷದ ಮಾತನ್ನು ಎಲ್ಲೋ ಕೇಳಿರುತ್ತಾರೆ. ಅದರ ಇನ್ನೊಂದು ಮುಖವನ್ನು ಕೇಳಿರುವುದಿಲ್ಲ. ಅನುಮತಿ ಪಡೆದು ಅನುಭವಿಸಿದ್ದು ಎಷ್ಟು ವರ್ಷವಾದರೂ ಈ ಬಗೆಯ ಹಕ್ಕಾಗಿ ಬಲಿಯುವುದಿಲ್ಲ. ಅಂದರೆ "ತಗಡು ಹಾಕಿಕೊಳ್ಳಲು ನಾನು ಅನುಮತಿ ಕೊಟ್ಟಿದ್ದೇನೆ, ಬೇಕೆಂದಾಗ ತೆಗೆಸುತ್ತೇನೆ" ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ, ಆ ಹಾಳೆ ಕಾಯುವುದು ಅನುಮತಿ ಕೊಟ್ಟವನನ್ನೇ. ಬಾಯಲ್ಲಿ ಒಲ್ಲೆ ಒಲ್ಲೆ ಎನ್ನುತ್ತ, ಪಕ್ಕದವನು ಹಾಕಿಕೊಂಡಾಗ ಸುಮ್ಮನಿರುವವನೇ ನಿಜವಾಗಿ ಅಪಾಯದಲ್ಲಿರುವವನು. 'ಬೇಕೆಂದಾಗ ತೆಗೆಸುತ್ತೇನೆ' ಎಂಬ ಶರತ್ತನ್ನು ಮಾತ್ರ ಬಿಡಬಾರದು. ಅನುಮತಿಯನ್ನು ನಂಬಿ ಖರ್ಚು ಮಾಡಿ ಶಾಶ್ವತ ಸ್ವರೂಪದ ಕೆಲಸ ಮಾಡಿಸಿದವನಿಂದ ಅನುಮತಿಯನ್ನು ಹಿಂದಕ್ಕೆ ಪಡೆಯುವಂತಿಲ್ಲ ಎಂದು ಅದೇ ಕಾಯ್ದೆಯ 60ನೇ ಕಲಮು ಹೇಳುತ್ತದೆ.

ಇದು ಎರಡು ಗೋಡೆಗಳ ನಡುವಿನ ಸಂದಿಯ ಕತೆಯಾಯಿತು. ಗೋಡೆಯೇ ಒಂದಾದಾಗ ಗಂಟು ಇನ್ನೂ ಬಿಗಿ.

ಬೆಂಗಳೂರಿನ ಚಿಕ್ಕಪೇಟೆ, ಬಳೇಪೇಟೆಯ ಒಳಗಲ್ಲಿಗಳಲ್ಲಿ, ಮೈಸೂರಿನ ಅಗ್ರಹಾರಗಳಲ್ಲಿ, ಮೇಲುಕೋಟೆಯ ಸಾಲುಮನೆಗಳಲ್ಲಿ ಎರಡು ಸಂಸಾರಗಳ ನಡುವೆ ಇರುವುದು ಒಂದೇ ಗೋಡೆ. ಕೆಲವು ಹುಟ್ಟಿನಿಂದಲೇ ಹಾಗೆ. ಇನ್ನು ಕೆಲವು ಅಣ್ಣತಮ್ಮಂದಿರ ಹಿಸ್ಸೆಯಲ್ಲಿ ಹುಟ್ಟಿದವು: ದೊಡ್ಡ ಮನೆಯ ಪಡಸಾಲೆಯ ನಡುವೆ ಇಟ್ಟಿಗೆ ಏಳುತ್ತದೆ, ತೊಟ್ಟಿ ಎರಡಾಗುತ್ತದೆ, ಬಾವಿಯ ಮೇಲೆ ಗೆರೆ ಬೀಳುತ್ತದೆ. ಪಾಲುಪತ್ರ ಬರೆದ ಹಳೆಯ ಬರಹಗಾರರು ಈ ವಿಷಯದಲ್ಲಿ ಇಂದಿನ ಸೇಲ್ ಡೀಡುಗಳಿಗಿಂತ ಜಾಗರೂಕರು. 'ಮಧ್ಯದ ಗೋಡೆ ಉಭಯತ್ರರಿಗೂ ಸೇರಿದ್ದು' ಎಂದೋ, ಸೂರಿನ ನೀರು ಹಿಂದಿನ ರೂಢಿಯಂತೆ ಹರಿಯತಕ್ಕದ್ದು ಎಂದೋ ಒಂದು ಸಾಲು ಸೇರಿಸಿರುತ್ತಿದ್ದರು. ಇಂದಿನ ಪತ್ರಗಳಲ್ಲಿ ಚಕ್ಕುಬಂದಿ ಇರುತ್ತದೆ, ಪೂರ್ವಕ್ಕೆ ಇಂಥವರ ಸೈಟು, ಪಶ್ಚಿಮಕ್ಕೆ ರಸ್ತೆ. ಗೋಡೆ ಆ ಗೆರೆಯ ಈಚೆಗೋ ಆಚೆಗೋ ಅಥವಾ ಗೆರೆಯ ಮೇಲೆಯೇ ಇದೆಯೋ ಎಂಬುದಕ್ಕೆ ಪತ್ರದಲ್ಲಿ ಉತ್ತರವಿಲ್ಲ.

ಆ ಒಂದು ಸಾಲಿನ ಮೇಲೆ ನಿಂತಿರುವುದು ಕಡಿಮೆಯದಲ್ಲ. ಗೋಡೆ ಇಬ್ಬರಿಗೂ ಜಂಟಿಯಾಗಿ ಸೇರಿದ್ದಿರಬಹುದು. ನಡುಮಧ್ಯದಲ್ಲಿ ಉದ್ದಕ್ಕೆ ಸೀಳಿದಂತೆ ಅರ್ಧ ನಿನ್ನದು, ಅರ್ಧ ನನ್ನದು ಇರಬಹುದು. ಪೂರ್ತಿ ಒಬ್ಬನದೇ ಆಗಿದ್ದು, ಇನ್ನೊಬ್ಬನಿಗೆ ಅದರ ಮೇಲೆ ತೊಲೆ ಕೂರಿಸುವ ಹಕ್ಕು ಮಾತ್ರ ಇರಬಹುದು. ಜಂಟಿಯಾದರೆ ಖರ್ಚೂ ಜಂಟಿ ಎಂಬುದು ಲೋಕರೂಢಿ. ಆದರೆ ಜಂಟಿ ಎಂದಮಾತ್ರಕ್ಕೆ ಇಷ್ಟ ಬಂದಂತೆ ಮಾಡುವ ಹಾಗಿಲ್ಲ. 1890ರ ದಶಕದಲ್ಲೇ ಮದ್ರಾಸ್ ಹೈಕೋರ್ಟಿನ ಮುಂದೆ ಇಂಥ ಒಂದು ವ್ಯಾಜ್ಯ ಬಂದಿತ್ತು. ಜಂಟಿ ಗೋಡೆಯ ಒಬ್ಬ ಒಡೆಯ ಇನ್ನೊಬ್ಬನನ್ನು ಕೇಳದೆ ಅದರ ಮೇಲೆ ಎತ್ತರ ಕಟ್ಟಿದ. ಹೊಸದಾಗಿ ಎಬ್ಬಿಸಿದ ಭಾಗವನ್ನು ತೆಗೆಸಿಕೊಳ್ಳುವ ಹಕ್ಕು ಇನ್ನೊಬ್ಬನಿಗಿದೆ ಎಂದು ಕೋರ್ಟು ಹೇಳಿತು. ಹಳೇ ಪೇಟೆಗಳಲ್ಲಿ ಇಂದು ಒಂದಂಕಣದ ಮನೆ ಕೆಡವಿ ನಾಲ್ಕು ಮಹಡಿ ಎಬ್ಬಿಸುವವರು ನಡುಗೋಡೆಯ ಮೇಲೆ ಬೀಮ್ ಇಡುವಾಗ ಈ ತೀರ್ಪನ್ನು ಯಾರಾದರೂ ಜ್ಞಾಪಿಸಿದರೆ ಒಳ್ಳೆಯದು.

ಪೂರ್ತಿ ಒಬ್ಬನದೇ ಗೋಡೆ, ಇನ್ನೊಬ್ಬನದು ಆಸರೆ ಮಾತ್ರ ಎಂಬ ಬಗೆಯಲ್ಲಿ ಕಾನೂನಿನ ಲೆಕ್ಕ ನಮ್ಮ ಎಣಿಕೆಗೆ ಉಲ್ಟಾ. ಗೋಡೆ ನಿನ್ನದು, ಸರಿಯಾಗಿ ಇಟ್ಟುಕೋ, ನನ್ನ ಮನೆ ಬೀಳುತ್ತದೆ ಎಂದು ಒರಗಿದವನು ಕೂಗಾಡುವುದು ಸಹಜ. ಆದರೆ ಹಕ್ಕು ಅನುಭವಿಸಲು ಬೇಕಾದ ಕೆಲಸದ ಖರ್ಚನ್ನು ಆ ಹಕ್ಕಿನ ಒಡೆಯನೇ ಭರಿಸಬೇಕು ಎನ್ನುತ್ತದೆ 25ನೇ ಕಲಮು. ಬೇರೆ ಕರಾರು ಇಲ್ಲದಿದ್ದರೆ, ಹಕ್ಕನ್ನು ತಾಳಿಕೊಂಡಿರುವವನು ಇನ್ನೊಬ್ಬನ ಅನುಕೂಲಕ್ಕಾಗಿ ಕಡ್ಡಿ ಎತ್ತಿಡಬೇಕಾಗಿಲ್ಲ. ಅವನ ಕರ್ತವ್ಯ ಅಡ್ಡಿ ಮಾಡದಿರುವುದು. ಒರಗಿದವನೇ ಖರ್ಚು ಮಾಡಬೇಕು, ಒರಗಿಸಿಕೊಂಡವನು ಬಾಗಿಲು ತೆರೆಯಬೇಕು. ಅದೇ 24ನೇ ಕಲಮಿನ ಇನ್ನೊಂದು ಉದಾಹರಣೆಯಲ್ಲಿ, ಪಕ್ಕದವನ ನೆಲದಲ್ಲಿ ಪೈಪು ಹಾಯಿಸಿದವನು ಒಳಗೆ ಹೋಗಿ ನೆಲ ಅಗೆದು ಪೈಪು ಸರಿಪಡಿಸಬಹುದು, ಆದರೆ ನೆಲವನ್ನು ಮೊದಲಿದ್ದಂತೆ ಮಾಡಿಕೊಡಬೇಕು. ನನ್ನ ಮಟ್ಟಿಗೆ ಇಡೀ ಕಾಯ್ದೆಯಲ್ಲಿ ಇದಕ್ಕಿಂತ ನೆರೆಹೊರೆಯ ಮಾತು ಇನ್ನೊಂದಿಲ್ಲ. ಮೊದಲು ಮದ್ರಾಸ್ ಪ್ರಾಂತ, ಮಧ್ಯಪ್ರಾಂತ ಮತ್ತು ಕೊಡಗಿಗೆ ಜಾರಿಯಾದ ಕಾಯ್ದೆ ಇದು. 1891ರಲ್ಲಿ ಮುಂಬಯಿ ಪ್ರಾಂತಕ್ಕೂ ಬಂತು. ಹಾಗಾಗಿ ಮಂಗಳೂರು, ಬಳ್ಳಾರಿ, ಮಡಿಕೇರಿಯ ಗೋಡೆಗಳಿಗೆ ಈ ನ್ಯಾಯ ಧಾರವಾಡ, ಬೆಳಗಾವಿಯ ಗೋಡೆಗಳಿಗಿಂತ ಒಂಬತ್ತು ವರ್ಷ ಹಳೆಯದು.

ಕಾಯ್ದೆಗಿಂತ ಹಳೆಯ ನ್ಯಾಯವೂ ಇತ್ತೆನ್ನಿ. ಗದಗ, ಬಾಗಲಕೋಟೆ ಸೀಮೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಒಬ್ಬರ ಮಾಳಿಗೆಯಿಂದ ಇನ್ನೊಬ್ಬರ ಮಾಳಿಗೆಗೆ ನಡೆದೇ ಹೋಗಬಹುದು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿಯಬೇಕು. ಒಬ್ಬ ಹಾಕಿ ಇನ್ನೊಬ್ಬ ಬಿಟ್ಟರೆ ನೀರು ಬಿಟ್ಟವನ ಮನೆಗೇ ಇಳಿದು ಸುಮ್ಮನಾಗುವುದಿಲ್ಲ, ನಡುಗೋಡೆಯ ನೆತ್ತಿಗೆ ಇಳಿಯುತ್ತದೆ. ಎರಡಡಿ ದಪ್ಪದ ಮಣ್ಣಿನ ಗೋಡೆ ಒಂದು ಮಗ್ಗುಲಿನಿಂದ ನೆನೆದರೂ ಬೀಳುವಾಗ ಎರಡೂ ಮನೆಗಳನ್ನು ಬೀಳಿಸುತ್ತದೆ. 2019ರ ಆಗಸ್ಟ್ ನೆರೆಯಲ್ಲಿ ಮಲಪ್ರಭೆ, ಕೃಷ್ಣೆಯ ದಂಡೆಯ ಊರುಗಳು ಇದನ್ನು ಕೇರಿಗಟ್ಟಲೆ ಕಂಡವು. ಅಂಥಲ್ಲಿ ನಿನ್ನ ಪಾಲು, ನನ್ನ ಪಾಲು ಎಂಬ ಲೆಕ್ಕಕ್ಕೆ ಕೂರುವಷ್ಟು ಪುರಸೊತ್ತು ಗೋಡೆಯೇ ಕೊಡುವುದಿಲ್ಲ. ಅದೇ ಸೀಮೆಯ ಎರೆಮಣ್ಣಿನ ಕತೆಯನ್ನೂ ಇಲ್ಲೇ ಹೇಳಿಬಿಡಬೇಕು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಆ ನೆಲದ ಮೇಲೆ ಪಾಯ ಗಟ್ಟಿಯಿಲ್ಲದೆ ಕಟ್ಟಿದ ಮನೆಯ ಗೋಡೆ ವರ್ಷ ವರ್ಷವೂ ಸೀಳುತ್ತದೆ. ಹುಬ್ಬಳ್ಳಿ–ಧಾರವಾಡದ ಎಷ್ಟೋ ಕಾಲೊನಿಗಳಲ್ಲಿ ಪಕ್ಕದವರು ಬೋರ್ ಹೊಡೆಸಿದ್ದರಿಂದಲೇ ಬಿರುಕು ಬಿಟ್ಟಿತು ಎಂದು ಮಾತು ಬಿಟ್ಟವರ ಗೋಡೆಯ ಅಸಲಿ ಆರೋಪಿ ಕಾಲಕೆಳಗಿನ ನೆಲ. ಪಕ್ಕದವರ ನಲ್ಲಿ ಪೈಪು ಸೋರಿ ಒಂದು ಮೂಲೆಯ ಎರೆ ಮಾತ್ರ ನೆನೆದು ಉಬ್ಬಿದ್ದರೆ ಮಾತು ಬೇರೆ. ಅದನ್ನು ಅಗೆದು ನೋಡಬೇಕು, ಮತ್ತೆ ಅದೇ ಬಾಗಿಲು.

ಬಿರುಕಿನ ವಿಷಯದಲ್ಲಿ ಹಳೆಯ ಎಂಜಿನಿಯರುಗಳ ಒಂದು ಅಗ್ಗದ ಉಪಾಯ ಇದೆ, ಈಗಲೂ ಅದಕ್ಕೆ ಸಾಟಿಯಿಲ್ಲ. ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿಯೊಂದನ್ನು ಎರಡು ತುದಿಯಲ್ಲಿ ಪ್ಲಾಸ್ಟರ್ ಹಾಕಿ ಕೂರಿಸುತ್ತಾರೆ, ಪಕ್ಕದಲ್ಲಿ ತಾರೀಖು ಬರೆಯುತ್ತಾರೆ. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಟಿಕ್ಕೆಂದು ಒಡೆಯುತ್ತದೆ. ತಿಂಗಳುಗಟ್ಟಲೆ ಹಾಗೇ ಇದ್ದರೆ ಬಿರುಕು ಹಳೆಯದು, ಸತ್ತದ್ದು. ಗಾರೆ ತುಂಬಿ ಬಣ್ಣ ಹೊಡೆದರಾಯಿತು. ಕಿಟಕಿಯ ಮೂಲೆಯಿಂದ ಓರೆಯಾಗಿ ಮೆಟ್ಟಿಲಿನಂತೆ ಇಳಿದ ಬಿರುಕಾದರೆ ಪಾಯ ಒಂದು ಕಡೆ ಕುಸಿಯುತ್ತಿರುವ ಅನುಮಾನ. ಗಿಲಾವಿನ ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆ ಬಿರುಕಿಗೆ ನೆರೆಯವರನ್ನು ಬಯ್ಯುವುದು ಅನ್ಯಾಯ, ಅದು ಮೇಸ್ತ್ರಿ ಸರಿಯಾಗಿ ನೀರುಣಿಸದ ಗಿಲಾವು.

ಪಕ್ಕದ ಸೈಟಿಗೆ ಜೆಸಿಬಿ ಬಂದ ದಿನ ಈ ಜ್ಞಾನ ಹೆಚ್ಚು ಬೇಕಾಗುತ್ತದೆ. ಕಾನೂನು ಇಲ್ಲೊಂದು ಸೂಕ್ಷ್ಮ ಗೆರೆ ಎಳೆದಿದೆ. ನಿಮ್ಮ ನೆಲ ಸಹಜ ಸ್ಥಿತಿಯಲ್ಲಿದ್ದರೆ ಪಕ್ಕದ ನೆಲದ ಆಸರೆ ಅದರ ಹುಟ್ಟುಹಕ್ಕು. ಅದರ ಮೇಲೆ ಮನೆ ಕಟ್ಟಿದಿರೋ, ಆ ಭಾರಕ್ಕೂ ಆಸರೆ ಕೇಳುವ ಹಕ್ಕು ಹುಟ್ಟಬೇಕಾದರೆ ಇಪ್ಪತ್ತು ವರ್ಷ ನಿಲ್ಲಬೇಕು. ಅಂದಮಾತ್ರಕ್ಕೆ ಹತ್ತು ವರ್ಷದ ಮನೆಯ ಪಕ್ಕದಲ್ಲಿ ಬೇಕಾಬಿಟ್ಟಿ ಅಗೆಯಬಹುದು ಎಂದಲ್ಲ. ಅಜಾಗ್ರತೆಯಿಂದ ಆದ ನಷ್ಟಕ್ಕೆ ಬೇರೆ ದಾರಿಯಲ್ಲಿ ಹೊಣೆ ಬಂದೇ ಬರುತ್ತದೆ, ಪಾಲಿಕೆಯ ಕಟ್ಟಡ ನಿಯಮಗಳೂ ಇವೆ. 2021ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದೊಳಗೆ ಬೆಂಗಳೂರಿನ ಲಕ್ಕಸಂದ್ರ, ಕಸ್ತೂರಿನಗರ, ಕಮಲಾನಗರದಲ್ಲಿ ಒಂದರ ಹಿಂದೊಂದು ಕಟ್ಟಡ ಕುಸಿದಾಗ, ವಾಲಿದಾಗ ಜನ ಹೊರಗೆ ಬಂದಿದ್ದರಿಂದ ಜೀವ ಉಳಿದವು. ಅಂಥ ಹೊತ್ತಿನಲ್ಲಿ ಅಕ್ಕಪಕ್ಕದ ಮನೆಯವರೂ ಗಂಟುಮೂಟೆ ಕಟ್ಟಿ ರಸ್ತೆಗೆ ಬರಬೇಕಾಗುತ್ತದೆ. ಅವರ ತಪ್ಪೇನು ಎಂದು ಕೇಳುವವರಿಲ್ಲ.

ಇಂಗ್ಲೆಂಡು ಮತ್ತು ವೇಲ್ಸ್‌ನಲ್ಲಿ ಇದಕ್ಕಾಗಿಯೇ ಒಂದು ಕಾನೂನಿದೆ, 1996ರ ಪಾರ್ಟಿ ವಾಲ್ ಕಾಯ್ದೆ. ಲಂಡನ್ನಿನಲ್ಲಿ ನೆಲೆಸಿ ಅಲ್ಲಿನ ಹಳೆಯ ಸಾಲುಮನೆ ಕೊಂಡ ನಮ್ಮವರಿಗೆ ಅಡುಗೆಮನೆ ದೊಡ್ಡದು ಮಾಡಲು ಹೊರಟ ದಿನವೇ ಇದರ ಪರಿಚಯವಾಗುತ್ತದೆ. ನಡುಗೋಡೆಗೆ ಕೈ ಹಾಕುವ ಎರಡು ತಿಂಗಳ ಮುಂಚೆ, ಪಕ್ಕದವರ ಪಾಯದ ಮೂರು ಮೀಟರ್ ಒಳಗೆ ಅದಕ್ಕಿಂತ ಆಳಕ್ಕೆ ಅಗೆಯುವುದಾದರೆ ಒಂದು ತಿಂಗಳ ಮುಂಚೆ ನೋಟಿಸು ಕೊಡಬೇಕು. ಪಕ್ಕದವರು ಹದಿನಾಲ್ಕು ದಿನದಲ್ಲಿ ಒಪ್ಪದಿದ್ದರೆ, ಉತ್ತರವನ್ನೇ ಕೊಡದಿದ್ದರೂ, ತಕರಾರು ಎಂದೇ ಲೆಕ್ಕ. ಆಗ ಸರ್ವೇಯರುಗಳು ಬಂದು ಯಾವ ಕೆಲಸ, ಹೇಗೆ, ಯಾವ ಹೊತ್ತಿನಲ್ಲಿ ಎಂದೆಲ್ಲ ಬರೆದು ಆದೇಶ ಕೊಡುತ್ತಾರೆ. ಕೆಲಸ ತನ್ನ ಅನುಕೂಲಕ್ಕಾದರೆ ಮಾಡಿಸುವವನದೇ ಖರ್ಚು. ಗೋಡೆ ಶಿಥಿಲವಾಗಿ ರಿಪೇರಿ ಬೇಕಾಗಿದ್ದರೆ ಇಬ್ಬರೂ ಅದನ್ನು ಎಷ್ಟು ಬಳಸುತ್ತಾರೆ, ಶಿಥಿಲವಾದದ್ದಕ್ಕೆ ಯಾರು ಎಷ್ಟು ಕಾರಣ ಎಂದು ನೋಡಿ ಹಂಚಿಕೆ. ಕೆಲಸ ಶುರುವಾಗುವ ಮುನ್ನ ಪಕ್ಕದ ಮನೆಯ ಈಗಿನ ಬಿರುಕು, ಕಲೆ ಎಲ್ಲವನ್ನೂ ಫೋಟೊ ತೆಗೆದು ಪಟ್ಟಿ ಮಾಡುವುದು ಅಲ್ಲಿನ ರೂಢಿ. ಆಮೇಲೆ "ಇದು ಮೊದಲೇ ಇತ್ತು", "ಇಲ್ಲ, ನಿಮ್ಮಿಂದಲೇ ಆದದ್ದು" ಎಂಬ ಮಾತಿಗೆ ಜಾಗವಿಲ್ಲ.

ನಮ್ಮಲ್ಲಿ ಅಂಥ ಕಾಯ್ದೆ ಬರುವ ತನಕ ಕಾಯಬೇಕಾಗಿಲ್ಲ. ನಮ್ಮ ಮೆಟ್ರೊ ಸುರಂಗ ಕೊರೆಯುವ ಮುನ್ನ ದಾರಿಯ ಮೇಲಿನ ಕಟ್ಟಡಗಳ ಸ್ಥಿತಿಯನ್ನು ಸಮೀಕ್ಷೆ ಮಾಡಿಸುತ್ತದೆ. ಮೂವತ್ತು-ನಲವತ್ತರಲ್ಲಿ ಪಾಯ ತೆಗೆಯುವವರು ಪಕ್ಕದವರನ್ನು ಜೊತೆಗೆ ನಿಲ್ಲಿಸಿಕೊಂಡು ಮೊಬೈಲಿನಲ್ಲಿ ಅದನ್ನೇ ಮಾಡಬಹುದು, ಇಬ್ಬರ ವಾಟ್ಸ್‌ಆ್ಯಪಿಗೂ ಅವತ್ತೇ ಕಳಿಸಿಕೊಳ್ಳಬಹುದು. ಗುದ್ದಲಿ ಪೂಜೆಗೆ ಪಕ್ಕದವರನ್ನು ಕರೆಯುವುದು ಹೇಗೂ ಪದ್ಧತಿ; ಪ್ರಸಾದ ಕೊಟ್ಟ ಮೇಲೆ ಅವರ ಗೋಡೆ ನೋಡಲು ಹತ್ತು ನಿಮಿಷ ಸಾಕು.

ಇಷ್ಟು ಹೊತ್ತು ಮಾತಾಡಿದ್ದು ಅಕ್ಕಪಕ್ಕದವರ ವಿಷಯ. ನಗರಗಳಲ್ಲಿ ಈಗ ಹೆಚ್ಚು ಜಗಳ ಮೇಲೆ-ಕೆಳಗಿನವರದು. ಫ್ಲ್ಯಾಟಿನಲ್ಲಿ ನಿಮ್ಮ ಚಾವಣಿಯೇ ಇನ್ನೊಬ್ಬರ ನೆಲ, ಅದೂ ಬಚ್ಚಲಿನ ನೆಲ.

ಬಚ್ಚಲಿನ ಕೆಳಗೆ ಸ್ಲ್ಯಾಬನ್ನು ಒಂದಡಿಯಷ್ಟು ತಗ್ಗಿಸಿ ಹಾಕಿರುತ್ತಾರೆ, ಪೈಪುಗಳು ಅದರೊಳಗೆ ಕೂರಲಿ ಎಂದು. ಆ ತಗ್ಗಿಗೆ ಒಡೆದ ಇಟ್ಟಿಗೆ, ಕಾಂಕ್ರೀಟ್ ಚೂರು ತುಂಬಿ, ಮೇಲೆ ಟೈಲ್ಸ್. ಟೈಲ್ಸ್ ನಡುವಿನ ಗ್ರೌಟ್ ಉದುರಿದ ಮೇಲೆ ದಿನಾ ಸ್ನಾನದ ನೀರಿನ ಒಂದಿಷ್ಟು ಭಾಗ ಕೆಳಗಿಳಿದು ಆ ಇಟ್ಟಿಗೆ ಚೂರುಗಳ ನಡುವೆ ನಿಲ್ಲುತ್ತದೆ. ಮೇಲಿನವರ ನೆಲ ಫಳಫಳ ಹೊಳೆಯುತ್ತಿರುತ್ತದೆ, ಒಂದು ಹನಿ ನೀರು ನಿಂತಿರುವುದಿಲ್ಲ. ಹಾಗಾಗಿ ಅವರು "ನಮ್ಮನೇಲಿ ಲೀಕೇ ಇಲ್ಲ" ಎನ್ನುವುದು ಸುಳ್ಳಲ್ಲ, ಅವರಿಗೆ ಕಾಣುವ ಸತ್ಯವೇ. ಕೆಳಗಿನ ಮನೆಯಲ್ಲಿ ಮೊದಲು ಚಾವಣಿಯ ಮೇಲೆ ಚಹಾದ ಕಲೆಯಂಥದ್ದು, ಆಮೇಲೆ ಬಿಳಿಯ ಉಪ್ಪಿನ ಗಡ್ಡ, ಆಮೇಲೆ ಕಂದು ಗೆರೆ. ಕಂದು ಗೆರೆ ಬಂತೆಂದರೆ ಒಳಗಿನ ಕಂಬಿಗೆ ತುಕ್ಕು ಹಿಡಿಯುತ್ತಿದೆ ಎಂದೇ ತಿಳಿಯಬೇಕು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ, ಕಾಂಕ್ರೀಟನ್ನು ಒಳಗಿನಿಂದ ಒಡೆದು ಕೆಡವುತ್ತದೆ. ಆ ಹಂತದಲ್ಲಿ ಅದು ಕೆಳಗಿನವರ ಬಣ್ಣದ ಸಮಸ್ಯೆಯಾಗಿ ಉಳಿದಿರುವುದಿಲ್ಲ, ಮೇಲಿನವರು ನಿಂತ ನೆಲದ ಸಮಸ್ಯೆ.

ಯಾರ ಹೊಣೆ ಎನ್ನುವ ಮುಂಚೆ ಯಾವ ನೀರು ಎಂದು ಕೇಳಬೇಕು. ಹಗಲೂ ರಾತ್ರಿ ಒಂದೇ ಸಮನೆ ತೊಟ್ಟಿಕ್ಕುತ್ತಿದ್ದರೆ ಒತ್ತಡದಲ್ಲಿರುವ ನಲ್ಲಿಯ ಪೈಪು ಒಡೆದಿರಬೇಕು. ಬೆಳಿಗ್ಗೆ ಸ್ನಾನದ ಹೊತ್ತಾದ ಮೇಲೆ ಹೆಚ್ಚಿ, ಮನೆಯವರು ಊರಿಗೆ ಹೋದಾಗ ನಿಂತರೆ ಬಚ್ಚಲಿನ ನೆಲವೋ, ನೀರು ಹೊರಹೋಗುವ ನಹಾನಿ ಟ್ರ್ಯಾಪೋ. ಮಳೆ ಬಂದಾಗ ಮಾತ್ರ ಒದ್ದೆಯಾದರೆ ಹೊರಗೋಡೆ, ಅದು ಮೇಲಿನವರದೂ ಅಲ್ಲ, ಇಡೀ ಕಟ್ಟಡದ್ದು. ಅನುಮಾನ ಉಳಿದರೆ ನಹಾನಿ ಟ್ರ್ಯಾಪಿಗೆ ಬಿರಡೆ ಹಾಕಿ, ನೆಲದ ಮೇಲೆ ಒಂದೆರಡು ಅಂಗುಲ ಬಣ್ಣದ ನೀರು ನಿಲ್ಲಿಸಿ, ಇಡೀ ದಿನ ಬಿಟ್ಟು ಕೆಳಗೆ ಯಾವ ಬಣ್ಣ ಬರುತ್ತದೆ ನೋಡುವುದು. ನಲ್ಲಿ ಪೈಪಿನದಾದರೆ ಎಲ್ಲ ನಲ್ಲಿ ಮುಚ್ಚಿ ಒತ್ತಡದ ಮೀಟರ್ ಕೂರಿಸಿ, ಮುಳ್ಳು ಇಳಿಯುತ್ತದೆಯೇ ಎಂದು ಕಾಯುವುದು. ಖರ್ಚು ಅಷ್ಟಕ್ಕಷ್ಟೆ. ಎರಡಕ್ಕೂ ಮೇಲಿನ ಮನೆಯ ಬಾಗಿಲು ಮಾತ್ರ ತೆರೆದಿರಬೇಕು.

ಅಪಾರ್ಟ್‌ಮೆಂಟ್ ಮಾಲೀಕರಲ್ಲಿ ಹೆಚ್ಚಿನವರು ಓದದ ಒಂದು ಅಂಶ ಇಲ್ಲಿ ಕೆಲಸಕ್ಕೆ ಬರುತ್ತದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ನೋಂದಾಯಿತವಾದ ಕಟ್ಟಡದಲ್ಲಿ, ಇನ್ನೊಂದು ಮನೆಗೋ ಸಾಮಾನ್ಯ ಭಾಗಗಳಿಗೋ ಹಾನಿಯಾಗದಂತೆ ತುರ್ತು ರಿಪೇರಿ ಮಾಡಲು ಯಾವುದೇ ಫ್ಲ್ಯಾಟಿನೊಳಗೆ ಯುಕ್ತ ವೇಳೆಯಲ್ಲಿ ಪ್ರವೇಶಿಸುವ ಹಕ್ಕು ಮಾಲೀಕರ ಸಂಘಕ್ಕಿದೆ, ಅದನ್ನು ಯಾರೂ ಹಿಂದಕ್ಕೆ ಪಡೆಯುವಂತಿಲ್ಲ. ಬಾಗಿಲು ತಟ್ಟಬೇಕಾದದ್ದು ಕೆಳಗಿನ ಮನೆಯವರೊಬ್ಬರೇ ಅಲ್ಲ, ಸಂಘ ಕೂಡ. ಪಾಯ, ಕಂಬ, ತೊಲೆ, ಮುಖ್ಯ ಗೋಡೆ, ಚಾವಣಿ ಎಲ್ಲವನ್ನೂ ಸಾಮಾನ್ಯ ಭಾಗ ಎಂದು ಹೇಳುವುದೂ ಇದೇ ಕಾಯ್ದೆ. ಸಂಘಗಳು ಸಾಮಾನ್ಯವಾಗಿ "ಅದು ನಿಮ್ಮಿಬ್ಬರ ಪರ್ಸನಲ್ ವಿಷಯ" ಎಂದು ಕೈ ತೊಳೆದುಕೊಳ್ಳುತ್ತವೆ. ಅಡುಗೆಮನೆಯ ಸಿಂಕಿನ ವಿಷಯದಲ್ಲಿ ಅದು ಸರಿಯಿರಬಹುದು. ಸ್ಲ್ಯಾಬಿನ ಕಂಬಿ ತುಕ್ಕು ಹಿಡಿಯುತ್ತಿರುವಾಗ ಸರಿಯಲ್ಲ. ಮುಂಬಯಿಯ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳು ಈ ಗೆರೆಯನ್ನು ಎಷ್ಟೋ ಸ್ಪಷ್ಟವಾಗಿ ಎಳೆದಿವೆ: ಮಳೆನೀರು ಮತ್ತು ಹೊರಗಿನ ಸಾಮಾನ್ಯ ಪೈಪುಗಳ ಸೋರಿಕೆ ಸೊಸೈಟಿಯದು, ಒಳಗಿನ ಶೌಚಾಲಯ, ಸಿಂಕಿನ ಸೋರಿಕೆ ಆಯಾ ಸದಸ್ಯರದು. ಅಲ್ಲಿ ಬಾಳಿದ ಕನ್ನಡಿಗರು ಇಲ್ಲಿ ಬಂದು ಫ್ಲ್ಯಾಟ್ ಕೊಂಡಾಗ ಮೊದಲು ಕೇಳುವುದು ಅಂಥ ಉಪವಿಧಿಗಳ ಪುಸ್ತಕವನ್ನೇ. ಕಟ್ಟಡ ಹೊಸದಾದರೆ ನೆರೆಯವರ ಮೇಲೆ ಹರಿಹಾಯುವ ಮುಂಚೆ ಬಿಲ್ಡರನ್ನು ಹಿಡಿಯಬೇಕು. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಾಣಿಸಿದ ರಚನೆಯ ಅಥವಾ ಕೆಲಸಗಾರಿಕೆಯ ದೋಷವನ್ನು ತಿಳಿಸಿದ 30 ದಿನದಲ್ಲಿ, ಒಂದು ಪೈಸೆ ಪಡೆಯದೆ ಸರಿಪಡಿಸಬೇಕು ಎಂದು 2016ರ ರೇರಾ ಕಾಯ್ದೆ ಹೇಳುತ್ತದೆ.

ಮೇಲಿನವರ ಅಜಾಗ್ರತೆಯನ್ನು ಸಾಬೀತು ಮಾಡುವುದು ಎಂದಿನಿಂದಲೂ ಕಷ್ಟವೇ. 1872ರಷ್ಟು ಹಿಂದೆ ಇಂಗ್ಲೆಂಡಿನ ಕೋರ್ಟಿನ ಮುಂದೆ ಮೇಲಿನ ಮಹಡಿಯ ಶೌಚಾಲಯದ ನೀರು ಉಕ್ಕಿ ಕೆಳಗಿನ ಅಂಗಡಿಯ ಸರಕು ಹಾಳಾದ ಮೊಕದ್ದಮೆ ಬಂತು. ಮೇಲಿನವರ ಅಜಾಗ್ರತೆ ತೋರಲಿಲ್ಲವಾದ್ದರಿಂದ ಅವರು ಹೊಣೆಯಲ್ಲ ಎಂದಿತು ಕೋರ್ಟು. ಆದ್ದರಿಂದಲೇ ಸೋರಿಕೆ ಕಂಡ ದಿನವೇ ಲಿಖಿತವಾಗಿ ತಿಳಿಸುವುದು ಮುಖ್ಯ. ಗೊತ್ತಿರಲಿಲ್ಲ ಎನ್ನುವವನ ಸ್ಥಿತಿ ಬೇರೆ, ಗೊತ್ತಾದ ಮೇಲೂ ಸುಮ್ಮನಿದ್ದವನ ಸ್ಥಿತಿ ಬೇರೆ.

ಮೇಲಿನ ಮನೆಯ ಒಡೆಯರು ನ್ಯೂಜೆರ್ಸಿಯಲ್ಲೋ ದುಬೈಯಲ್ಲೋ ಇದ್ದು, ಮನೆಯಲ್ಲಿ ಬಾಡಿಗೆದಾರರಿದ್ದರೆ ಕಷ್ಟ ಇಮ್ಮಡಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಈ ಬಾಡಿಗೆದಾರರಿಗೇ ಹೇಳಿ ಮಾಡಿಸಿದ್ದು. ಕೆಳಗಿನವರ ಬೈಗುಳ ಅವರಿಗೆ, ಟೈಲ್ಸ್ ಒಡೆಯಲು ಒಪ್ಪಿಗೆ ಕೊಡುವ ಅಧಿಕಾರ ಅವರಿಗಿಲ್ಲ, ಬಚ್ಚಲು ಬಂದಾದ ವಾರದಲ್ಲಿ ಸ್ನಾನಕ್ಕೆ ಪರದಾಡುವವರೂ ಅವರೇ. ಬಾಡಿಗೆ ಕರಾರಿನಲ್ಲಿ ತುರ್ತು ರಿಪೇರಿಗೆ ಯಾರ ಒಪ್ಪಿಗೆ, ಎಷ್ಟು ರೂಪಾಯಿಯ ತನಕ ಎಂದು ಬರೆದಿದ್ದರೆ ಕಡಲಾಚೆಯ ಫೋನಿಗೆ ನಡುರಾತ್ರಿ ಕಾಯಬೇಕಾಗಿ ಬರುವುದಿಲ್ಲ.

ಮಾತು ಮುರಿದ ಮೇಲೆ ಜನ ಮೊದಲು ಹೋಗುವುದು ಪೊಲೀಸ್ ಠಾಣೆಗೆ. ಅಲ್ಲಿ ಸಿಗುವ ಉತ್ತರ "ಇದು ಸಿವಿಲ್ ಮ್ಯಾಟರ್ ಕಣ್ರಿ." ಅದು ಸರಿಯಾದ ಉತ್ತರವೇ. ಗೋಡೆ ಬೀಳುವ ಸ್ಥಿತಿಯಲ್ಲಿದ್ದರೆ ಪಾಲಿಕೆಯ ಎಂಜಿನಿಯರಿಗೆ ಅರ್ಜಿ ಕೊಡಬೇಕು. ಅಪಾಯಕಾರಿ ಕಟ್ಟಡವನ್ನು ಭದ್ರಪಡಿಸಲು, ಬೇಕಾದರೆ ಕೆಡವಲು, ನೋಟಿಸು ಕೊಡುವ ಅಧಿಕಾರ ಪಾಲಿಕೆಗಿದೆ. ಸಿವಿಲ್ ಕೋರ್ಟಿನಲ್ಲಿ ಅಡ್ಡಿ ಮಾಡದಂತೆ ತಡೆಯಾಜ್ಞೆ ಕೇಳಬಹುದು. ಕೋರ್ಟು ಕಮಿಷನರ್ ಒಬ್ಬರನ್ನು ಕಳಿಸಿ ಸ್ಥಳ ಪರಿಶೀಲನೆ ಮಾಡಿಸುವುದು ಇಂಥ ಮೊಕದ್ದಮೆಗಳಲ್ಲಿ ಬಹಳ ಸಲ ನಿರ್ಣಾಯಕ, ಯಾಕೆಂದರೆ ಆ ದಿನ ಬಾಗಿಲು ತೆರೆಯಲೇಬೇಕು. ಆದರೆ ಮುಂಗಾರು ಕೋರ್ಟಿನ ತಾರೀಖು ನೋಡಿ ಬರುವುದಿಲ್ಲ. 2007ರಿಂದ ಬೆಂಗಳೂರಿನ ನ್ಯಾಯದೇಗುಲದಲ್ಲಿ ನಡೆಯುತ್ತಿರುವ ಮಧ್ಯಸ್ಥಿಕೆ ಕೇಂದ್ರ ಇಂಥ ವ್ಯಾಜ್ಯಗಳಿಗೆ ಹೆಚ್ಚು ಒಗ್ಗುವ ಜಾಗ. ಅಲ್ಲಿ ತಪ್ಪು ಯಾರದು ಎಂದು ತೀರ್ಪಾಗಬೇಕಾಗಿಲ್ಲ. ಕೆಲಸ ಯಾವಾಗ, ಯಾರು ಮಾಡಿಸುತ್ತಾರೆ, ಹೇಗೆ ಹಂಚಿಕೊಳ್ಳುವುದು ಎಂದು ಕೂತು ಬರೆಯಬಹುದು. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಒಂದು ಬಡಾವಣೆಯ ನೆಮ್ಮದಿ ಕೆಡಿಸುವ ತಕರಾರುಗಳನ್ನು ಎರಡೂ ಕಡೆಯವರ ಒಪ್ಪಿಗೆಯಿಂದ ಸಮುದಾಯದ ಮಟ್ಟದಲ್ಲೇ ತೀರಿಸಿಕೊಳ್ಳಲು ಪ್ರತ್ಯೇಕ ಅಧ್ಯಾಯವನ್ನೇ ಇಟ್ಟಿದ್ದಾರೆ.

ಬರೆಯುವ ಕಾಗದದಲ್ಲಿ ಏನಿರಬೇಕು? ಎಲ್ಲಿಂದ ಸೋರುತ್ತಿದೆ ಎಂದು ಪರೀಕ್ಷೆಯಲ್ಲಿ ಕಂಡದ್ದು, ಯಾವ ದಿನದಿಂದ ಯಾವ ದಿನದ ತನಕ ಕೆಲಸ, ಬೆಳಿಗ್ಗೆ ಎಷ್ಟು ಗಂಟೆಗೆ ಶುರು, ಸಾರುವೆ ಯಾರ ಅಂಗಳದಲ್ಲಿ ನಿಲ್ಲುತ್ತದೆ, ಕಸ ಯಾರು ಎತ್ತುತ್ತಾರೆ, ಒಡೆದ ಟೈಲ್ಸಿಗೆ ಅದೇ ಬಣ್ಣದ್ದು ಸಿಗದಿದ್ದರೆ ಏನು ಮಾಡುವುದು. ಈ ಕೊನೆಯದನ್ನು ಕಂಡು ನಗಬೇಡಿ. ಮುಗಿದುಹೋದ ಜಗಳಗಳು ಮತ್ತೆ ಹೊತ್ತಿಕೊಳ್ಳುವುದು ಹೆಚ್ಚಾಗಿ ಟೈಲ್ಸಿನ ಬಣ್ಣದಲ್ಲಿ. ಒಂದು ಸಲದ ಕೆಲಸಕ್ಕೆ ಇಷ್ಟು ಸಾಕು. ಆದರೆ ಪಕ್ಕದವರ ಗೋಡೆಗೆ ತೊಲೆ ಕೂರಿಸುವ, ಅವರ ನೆಲದಡಿ ಪೈಪು ಹಾಯಿಸುವ ಶಾಶ್ವತ ಹಕ್ಕಿನ ಮಾತಾದರೆ ಸಹಿ ಹಾಕಿದ ಹಾಳೆ ಸಾಲದು. ಸ್ಥಿರಾಸ್ತಿಯಲ್ಲಿ ನೂರು ರೂಪಾಯಿ ಅಥವಾ ಅದಕ್ಕೂ ಮೇಲಿನ ಬೆಲೆಯ ಹಕ್ಕು ಹುಟ್ಟಿಸುವ ಪತ್ರ ನೋಂದಣಿಯಾಗಲೇಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ. ನೋಂದಣಿಯಾದ ಪತ್ರ ಋಣಭಾರ ಪತ್ರದಲ್ಲಿ ಕಾಣಿಸುತ್ತದೆ, ಮುಂದೆ ಆ ಮನೆ ಕೊಳ್ಳುವವರಿಗೆ ಗೊತ್ತಾಗುತ್ತದೆ. ಬಾಯಿಮಾತಿನ ಒಪ್ಪಂದ ಮನೆ ಮಾರಿದ ದಿನ ಹಳೆಯ ಒಡೆಯರ ಸಾಮಾನಿನ ಜೊತೆ ಲಾರಿ ಹತ್ತುತ್ತದೆ. ಹಳೆಯ ಸಾಲುಮನೆ ಕೊಳ್ಳಲು ಹೊರಟವರು ಖಾತೆ, ತೆರಿಗೆ ರಸೀದಿ ನೋಡಿದ ಮೇಲೆ ಮೂಲ ಪಾಲುಪತ್ರವನ್ನು ಕೇಳಿ ಪಡೆದು, ನಡುಗೋಡೆಯ ಬಗ್ಗೆ ಆ ಒಂದು ಸಾಲು ಇದೆಯೇ ಎಂದು ಹುಡುಕಿ ನೋಡಿ. ಇಲ್ಲದಿದ್ದರೆ ಅಡ್ವಾನ್ಸ್ ಕೊಡುವ ಮುನ್ನ ಪಕ್ಕದ ಮನೆಯವರನ್ನು ಭೇಟಿ ಮಾಡಿ ಬನ್ನಿ.